ಸ್ಕಾಲರ್‌ಶಿಪ್ ಅರ್ಜಿ: ಮೊದಲು ಬ್ಯಾಂಕ್ ಖಾತೆ ನೋಡಿ

ಪಿಯುಸಿ ಮತ್ತು ಅದರಾಚೆ ಓದುವವರಿಗೆ ರಾಜ್ಯ ಸರ್ಕಾರ ಕೊಡುವ ಬಹುತೇಕ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಒಂದೇ ಅರ್ಜಿ ಸಾಕು. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಎಂದು ಇಲಾಖೆ ಇಲಾಖೆ ಅಲೆಯಬೇಕಿಲ್ಲ. ಹಾಸ್ಟೆಲ್ ಸೀಟು ಸಿಗದೆ ಹೊರಗೆ ರೂಮು ಮಾಡಿಕೊಂಡ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಹಣ ಕೊಡುವ ವಿದ್ಯಾಸಿರಿಯೂ ಇಲ್ಲೇ ಇದೆ. ಊರಲ್ಲಿ ಜಮೀನಿದ್ದರೆ ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿಗಾಗಿ ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ತರಿಸಿಕೊಳ್ಳಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಬೇಕಾಗುವುದು ಅದರ ಮೇಲಿನ ಆರ್‌ಡಿ ಸಂಖ್ಯೆ. ಆದಾಯ ಪತ್ರಕ್ಕೆ 5 ವರ್ಷವಷ್ಟೇ ಆಯಸ್ಸು. ಹಾಗಾಗಿ ಹೈಸ್ಕೂಲಿನಲ್ಲಿ ಮಾಡಿಸಿದ್ದರ ತಾರೀಖು ನೋಡಿಕೊಳ್ಳಿ.

ಹೆಸರಿನ ಕಾಟ ದೊಡ್ಡದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’, ಆಧಾರ್‌ನಲ್ಲಿ ‘ಮಂಜುನಾಥ್ ಕೆಂಪಯ್ಯ’ ಎಂದಿದ್ದರೆ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ಅಂಕಪಟ್ಟಿಗೆ ತಕ್ಕಂತೆ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಇರುವುದು ಎರಡೇ ಅವಕಾಶ, ಆದ್ದರಿಂದ ಇನಿಷಿಯಲ್, ಸ್ಪೆಲ್ಲಿಂಗ್ ಎಲ್ಲ ಬರೆದಿಟ್ಟುಕೊಂಡೇ ಹೋಗಿ.

ಇಷ್ಟಾದರೂ ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎನ್ನುವವರು ಬಹಳ. ಈ ಹಣ ಹೋಗುವುದು ಖಾತೆ ಸಂಖ್ಯೆ ನೋಡಿಕೊಂಡಲ್ಲ, ಆಧಾರ್ ಸಂಖ್ಯೆ ನೋಡಿಕೊಂಡು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಅದು ಕೆವೈಸಿ, ಅಂದರೆ ಗುರುತಿನ ದಾಖಲೆ ಅಷ್ಟೇ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಆ ಬ್ಯಾಂಕಿನ ಹೆಸರು ಸೇರಬೇಕು. ಇದೇ ಸೀಡಿಂಗ್, ಇದಕ್ಕೆ ಬೇರೆ ಫಾರಂ ಇದೆ. ‘ಆಧಾರ್ ಸೀಡಿಂಗ್ ಮಾಡಿಕೊಡಿ’ ಎಂದು ಸ್ಪಷ್ಟವಾಗಿ ಕೇಳಿ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಗೆ ಯಾವುದಕ್ಕೆ ಸೀಡಿಂಗ್ ಆಗಿದೆಯೋ ಹಣ ಅಲ್ಲಿಗೇ. ಕಾಲೇಜು ಕ್ಯಾಂಪಸ್ಸಿಗೆ ಬಂದು ‘ಜೀರೋ ಬ್ಯಾಲೆನ್ಸ್’ ಖಾತೆ ಮಾಡಿಸುವವರಿಗೆ ಹಣ ಬರುವ ತನಕ ಬೆರಳಚ್ಚು ಕೊಡಲೇಬೇಡಿ, ಸೀಡಿಂಗ್ ಆ ಹೊಸ ಖಾತೆಗೆ ಬದಲಾಗಿಬಿಡಬಹುದು. ಅಮ್ಮನ ಖಾತೆ ನಡೆಯುವುದಿಲ್ಲ, ವಿದ್ಯಾರ್ಥಿಯದ್ದೇ ಬೇಕು. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದು ‘ಆಕ್ಟಿವ್’ ಎಂದು ಕಂಡ ಮೇಲೆಯೇ ಅರ್ಜಿಗೆ ಕೂರಿ.

ಶುಲ್ಕ ರಸೀದಿಯಂಥ ದಾಖಲೆಗಳ ಮೂಲಪ್ರತಿಯನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಗೆ ತೋರಿಸಿದರೆ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಅರ್ಜಿಯಲ್ಲಿ ತುಂಬಿ. ಉಳಿದದ್ದು ಅರ್ಧ ಗಂಟೆಯ ಕೆಲಸ.

ಸೈಬರ್ ಸೆಂಟರಿಗೆ ಹೋದರೂ ಮೊಬೈಲ್ ನಂಬರ್ ಮಾತ್ರ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಹಾಕಿಸಿದರೆ ಮುಂದಿನ ವರ್ಷ ಒಟಿಪಿಗಾಗಿ ಅವರನ್ನೇ ಹುಡುಕಬೇಕು. ‘ಇಷ್ಟು ಕೊಡಿ, ಮಂಜೂರು ಮಾಡಿಸ್ತೀವಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಎಲ್ಲಿಗೆ ಬಂತು ಎಂಬುದನ್ನು ಸರ್ಕಾರದ ಡಿಬಿಟಿ (ನೇರ ಹಣ ವರ್ಗಾವಣೆ) ಕರ್ನಾಟಕ ಆ್ಯಪ್‌ನಲ್ಲಿ ನೀವೇ ನೋಡಬಹುದು.