ರ‍್ಯಾಲಿ ಎಸ್ಟೀಮ್‌ಗೆ ಒಂದೇ ಬೆಲ್ಟ್: ನಾನು ಮಾಡಿಕೊಂಡ ರೀತಿ

ಎಸಿ, ಪವರ್ ಸ್ಟೀರಿಂಗ್ ಕಿತ್ತು ಹಾಕಿದ್ರೆ ಎಂಜಿನ್ ಪವರ್ ಸಿಕ್ಕಾಪಟ್ಟೆ ಜಾಸ್ತಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅರ್ಧ ಮಾತ್ರ ನಂಬಿ. ಎಸಿ ಆಫ್ ಇದ್ದಾಗ ಕಂಪ್ರೆಸರ್ ಕ್ಲಚ್ ಬಿಟ್ಟಿರುತ್ತೆ. ಆಗ ಪುಲ್ಲಿ ಮಾತ್ರ ಬೇರಿಂಗ್ ಮೇಲೆ ಸುಮ್ನೆ ತಿರುಗ್ತಾ ಇರುತ್ತೆ, ಅದಕ್ಕೆ ಬೇಕಾಗೋ ಶಕ್ತಿ ಲೆಕ್ಕಕ್ಕೇ ಇಲ್ಲ. ಸ್ಟೀರಿಂಗ್ ಪಂಪ್ ಯಾವಾಗಲೂ ಸ್ವಲ್ಪ ತಿನ್ನುತ್ತೆ ನಿಜ, ಆದ್ರೆ ನೇರ ಹೋಗುವಾಗ ಅದೂ ಕಡಿಮೆಯೇ. ನಾನು ನನ್ನ ರ‍್ಯಾಲಿ ಕಾರಿನಿಂದ ಇವೆರಡನ್ನೂ ತೆಗೆದು ಎಂಜಿನ್ನಿಗೆ ಒಂದೇ ಬೆಲ್ಟ್ ಉಳಿಸೋ ಕೆಲಸಕ್ಕೆ ಕೈ ಹಾಕಿದ್ದು ಪವರ್‌ಗಾಗಿ ಅಲ್ಲ. ಕಾಡಿನ ಮಧ್ಯೆ ಕೈಕೊಡೋ ಸಾಮಾನು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಅಂತ.

ನನ್ನ ಗಾಡಿ ಮಾರುತಿ ಎಸ್ಟೀಮ್, 1298 ಸಿಸಿ, ಹದಿನಾರು ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರೋ) ಎಂಜಿನ್. ಕಂಪನಿ ಲೆಕ್ಕದಲ್ಲಿ 85 ಎಚ್‌ಪಿ. ಹಳೇ ಗಾಡಿ, ಆದ್ರೆ ಹಗುರ, ಸ್ಪೇರ್ ಈಗಲೂ ಗುಜರಿಯಲ್ಲಿ ಸಿಗುತ್ತೆ, ನಮ್ಮ ಕಡೆ ಅದರ ಎಂಜಿನ್ ಬಿಚ್ಚೋಕೆ ಬಾರದ ಮೆಕ್ಯಾನಿಕ್ ಇಲ್ಲ. ಓಡಿಸೋದು ಹೆಚ್ಚಾಗಿ ಮಣ್ಣಲ್ಲಿ. ತೀರ್ಥಹಳ್ಳಿ, ಕೊಪ್ಪ, ಚಿಕ್ಕಮಗಳೂರು ಕಡೆ ತೋಟದ ರಸ್ತೆ ನೋಡಿದವರಿಗೆ ಗೊತ್ತು, ಮಳೆಗಾಲದಲ್ಲಿ ಗಾಡಿಯ ಕೆಳಗೆ ಒಂದು ಇಂಚು ಜಾಗ ಬಿಡದೆ ಕೆಂಪು ಮಣ್ಣು ಮೆತ್ತಿಕೊಳ್ಳುತ್ತೆ. ಬೇಸಿಗೆ ಬಂತು ಅಂದ್ರೆ ಅದೇ ಮಣ್ಣು ಧೂಳಾಗಿ ಎಲ್ಲಾ ಬೇರಿಂಗ್ ಒಳಗೆ ಹೋಗಿ ಕೂರುತ್ತೆ.

ಈ ಎಂಜಿನ್ನಿನ ಮುಂಭಾಗದಲ್ಲಿ ಎರಡು ಬೆಲ್ಟ್ ಇವೆ. ಒಂದು ಕ್ರ್ಯಾಂಕ್ ಪುಲ್ಲಿಯಿಂದ ವಾಟರ್ ಪಂಪ್ ಮತ್ತು ಆಲ್ಟರ್ನೇಟರ್‌ಗೆ ಹೋಗುತ್ತೆ. ಇನ್ನೊಂದು ಎಸಿ ಕಂಪ್ರೆಸರ್ ಮತ್ತು ಪವರ್ ಸ್ಟೀರಿಂಗ್ ಪಂಪಿಗೆ, ಮಧ್ಯೆ ಬೆಲ್ಟನ್ನ ಬಿಗಿ ಹಿಡಿಯೋ ಒಂದು ಟೆನ್ಷನರ್ ಪುಲ್ಲಿ. ಮೊದಲನೇದು ಗಾಡಿಯ ಜೀವ. ಅದು ಹೋಯ್ತು ಅಂದ್ರೆ ಚಾರ್ಜಿಂಗೂ ಇಲ್ಲ, ನೀರೂ ತಿರುಗಲ್ಲ. ಸ್ಟೇಜ್, ಅಂದ್ರೆ ಸಮಯ ಅಳೆಯೋ ರ‍್ಯಾಲಿ ಹಾದಿಯ ಮಧ್ಯೆ ಆರು ಸಾವಿರ ಆರ್‌ಪಿಎಂ ಹೊಡೀತಾ ಇರುವಾಗ ನೀರು ನಿಂತರೆ ಹೆಡ್ ಬಾಗೋಕೆ ಜಾಸ್ತಿ ಹೊತ್ತು ಬೇಡ. ಎರಡನೇದು ಬರೀ ಸೌಕರ್ಯ. ಆದ್ರೆ ನನ್ನ ಗಾಡಿಯಲ್ಲಿ ಹೊರಗಡೆ ಇರೋದು ಆ ಸೌಕರ್ಯದ ಬೆಲ್ಟು, ಒಳಗಡೆ ಇರೋದು ಜೀವದ ಬೆಲ್ಟು. ಒಳಗಿನದನ್ನ ಬದಲಾಯಿಸ್ಬೇಕು ಅಂದ್ರೆ ಹೊರಗಿನದನ್ನ ಬಿಚ್ಚಲೇಬೇಕು. ಅದೂ ಅಲ್ಲದೆ ಕಂಪ್ರೆಸರ್ ಪುಲ್ಲಿಯ ಬೇರಿಂಗೋ ಟೆನ್ಷನರ್ ಬೇರಿಂಗೋ ಮಣ್ಣು ತಿಂದು ಹಿಡಿದುಕೊಂಡ್ರೆ ಹೊರಗಿನ ಬೆಲ್ಟ್ ಸುಟ್ಟು ಹರಿದು ಹೋಗುತ್ತೆ, ಹರಿದ ತುಂಡು ಒಳಗಿನ ಬೆಲ್ಟಿಗೆ ಸಿಕ್ಕಿ ಅದನ್ನೂ ಎಳೆದುಕೊಂಡು ಹೋಗಬಹುದು. ಬೇಡದ ಸಾಮಾನಿಗಾಗಿ ಬೇಕಾದ ಸಾಮಾನು ಹಾಳಾಗೋದು ಯಾವ ನ್ಯಾಯ?

ಕೈ ಹಾಕೋ ಮುಂಚೆ ನಿಯಮ ನೋಡಿ. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಅಡಿಯಲ್ಲಿ ನಡೆಯೋ ಸ್ಪರ್ಧೆಗಳಲ್ಲಿ ಪ್ರತಿ ಕ್ಲಾಸಿಗೂ ಏನು ತೆಗೀಬಹುದು, ಏನು ಮುಟ್ಟಬಾರದು ಅಂತ ಬರೆದಿರುತ್ತೆ. ಒಂದು ಕ್ಲಾಸಲ್ಲಿ ನಡೆಯೋದು ಇನ್ನೊಂದರಲ್ಲಿ ನಡೆಯಲ್ಲ.

ಮೊದಲು ಎಸಿ. ಗ್ಯಾಸನ್ನ ಗಾಳಿಗೆ ಬಿಡಬೇಡಿ, ಕೈ ಮುಖಕ್ಕೆ ತಾಗಿದ್ರೆ ಚರ್ಮ ಹೆಪ್ಪುಗಟ್ಟುತ್ತೆ, ವಾತಾವರಣಕ್ಕೂ ಒಳ್ಳೇದಲ್ಲ. ಎಸಿ ಅಂಗಡಿಯವರ ಹತ್ರ ಮೆಷಿನ್ ಇರುತ್ತೆ, ಅವರು ಎಳೆದುಕೊಳ್ಳುತ್ತಾರೆ. ಆಮೇಲೆ ಕಂಪ್ರೆಸರ್, ಅದರ ಬ್ರಾಕೆಟ್, ಟೆನ್ಷನರ್, ಪೈಪು, ರೇಡಿಯೇಟರ್ ಮುಂದಿನ ಕಂಡೆನ್ಸರ್ ಎಲ್ಲಾ ಹೊರಗೆ. ಕಂಡೆನ್ಸರ್ ಹೋಗಿದ್ದೇ ನನಗೆ ದೊಡ್ಡ ಲಾಭ ಅನ್ನಿಸಿತು. ಏರಿನಲ್ಲಿ ಎರಡನೇ ಗೇರಲ್ಲಿ ಗಾಡಿ ಒದ್ದಾಡ್ತಾ ಹತ್ತುವಾಗ ರೇಡಿಯೇಟರ್‌ಗೆ ನೇರ ಗಾಳಿ ಸಿಗುತ್ತೆ, ಮೆತ್ತಿದ ಮಣ್ಣನ್ನ ಪೈಪ್ ಹಿಡಿದು ತೊಳೆಯೋದೂ ಸುಲಭ. ಬಿಚ್ಚಿದ್ದೆಲ್ಲ ಸೇರಿಸಿ ಮನೆಯ ಅಡಿಕೆ ತೂಗೋ ತಕ್ಕಡಿಗೆ ಹಾಕಿದೆ, ಇಪ್ಪತ್ತು ಕೆ.ಜಿ. ಮೇಲೇ ಇತ್ತು. ಅಷ್ಟೂ ಮುಂದಿನ ಚಕ್ರದ ಆಸುಪಾಸಿನ ಭಾರ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೋಗೋ ಎಸಿ ಮತ್ತು ಸ್ಟೀರಿಂಗ್ ಸಿಗ್ನಲ್ ವೈರುಗಳ ತುದಿಗೆ ಹೀಟ್ ಶ್ರಿಂಕ್ ಹಾಕಿ ಮುಚ್ಚಿ ಕಟ್ಟಿಬಿಟ್ಟೆ. ಬಿಟ್ಟು ಹಾಕಿದ್ರೆ ಎಲ್ಲಿಗಾದ್ರೂ ತಾಗಿ ಐಡ್ಲಿಂಗ್ ಏರುಪೇರಾಗುತ್ತೆ.

ಸ್ಟೀರಿಂಗ್ ವಿಷಯದಲ್ಲಿ ಮೂರು ದಾರಿ ಇವೆ. ಪಂಪ್ ತೆಗೆದು, ಚಕ್ರ ತಿರುಗಿಸೋ ಹಲ್ಲಿನ ಸರಳಾದ ರ‍್ಯಾಕಿನ ಎರಡು ಪೈಪನ್ನ ಒಂದಕ್ಕೊಂದು ಸೇರಿಸಿಬಿಡೋದು ಸೋಮಾರಿ ದಾರಿ. ಓಡುತ್ತೆ, ಆದ್ರೆ ಒಳಗಿನ ಎಣ್ಣೆಯನ್ನ ಪ್ರತಿ ಸಲ ನೀವೇ ಕೈಯಲ್ಲಿ ತಳ್ಳಬೇಕು, ಸ್ಟೀರಿಂಗ್ ಸತ್ತ ಹಾಗೆ ಅನ್ನಿಸುತ್ತೆ. ಹೊಸ ಗಾಡಿಯ ಎಲೆಕ್ಟ್ರಿಕ್ ಸ್ಟೀರಿಂಗ್ ಕಾಲಮ್ ಹಾಕೋದು ಇನ್ನೊಂದು, ಚೆನ್ನಾಗೇ ಇರುತ್ತೆ, ಆದ್ರೆ ಜೋರಾಗಿ ತಿರುಗಿಸಿದಾಗ ಅದು ಎಳೆಯೋ ಕರೆಂಟ್ ಜಾಸ್ತಿ. ನಾನು ಪವರ್ ಸ್ಟೀರಿಂಗ್ ಇಲ್ಲದ ಬೇಸ್ ಮಾಡೆಲಿನ ರ‍್ಯಾಕ್ ಗುಜರಿಯಲ್ಲಿ ಹುಡುಕಿ ಹಾಕಿದೆ. ಈ ತುದಿಯಿಂದ ಆ ತುದಿಗೆ ಸುತ್ತು ಜಾಸ್ತಿ ತಿರುಗಿಸಬೇಕು, ಹೇರ್‌ಪಿನ್ ತಿರುವಲ್ಲಿ ಕೈ ಬೇಗ ಓಡಬೇಕು. ಆದ್ರೆ ಮಣ್ಣಲ್ಲಿ ಚಕ್ರ ಹೇಗೂ ಜಾರುತ್ತಲ್ಲ, ಅಷ್ಟೇನೂ ಭಾರ ಅನ್ನಿಸಲ್ಲ. ಒಂದೇ ಎಚ್ಚರಿಕೆ: ಹೆಬ್ಬೆರಳನ್ನ ಸ್ಟೀರಿಂಗ್ ಒಳಗಡೆ ಸಿಕ್ಕಿಸಿ ಹಿಡೀಬೇಡಿ. ಚಕ್ರ ಕಲ್ಲಿಗೆ ಹೊಡೆದಾಗ ಅದು ಒದೆಯೋ ರಭಸಕ್ಕೆ ಬೆರಳು ಮುರಿಯುತ್ತೆ.

ಇಷ್ಟಕ್ಕೆ ಎರಡನೇ ಬೆಲ್ಟ್ ಕಥೆ ಮುಗೀತು. ನಿಜವಾದ ಕೆಲಸ ಉಳಿದ ಒಂದು ಬೆಲ್ಟಿನದ್ದು.

ಹಾಗಾದ್ರೆ ಆಲ್ಟರ್ನೇಟರನ್ನೂ ಕಿತ್ತು ಬರೀ ಬ್ಯಾಟರಿ ಮೇಲೆ ಓಡಿಸಬಾರದಾ ಅಂತ ಕೇಳೋರು ಇದ್ದಾರೆ. ಲೆಕ್ಕ ಹಾಕಿ ನೋಡಿ. ಫ್ಯುಯೆಲ್ ಪಂಪ್ 5–6 ಆಂಪಿಯರ್, ಇಗ್ನಿಷನ್, ಇಂಜೆಕ್ಟರ್, ಇಸಿಯು ಸೇರಿ ಅಷ್ಟೇ ಇನ್ನೊಂದು, ರೇಡಿಯೇಟರ್ ಫ್ಯಾನ್ 10ರ ಮೇಲೆ. ಲೈಟ್ ಹಾಕದೇ ಇಪ್ಪತ್ತು ದಾಟುತ್ತೆ. 35 ಆಂಪಿಯರ್ ಅವರ್ ಬ್ಯಾಟರಿ ಒಂದು ಗಂಟೆ ಎಳೆದ್ರೆ ಹೆಚ್ಚು, ಅದೂ ಕೊನೆಕೊನೆಗೆ ವೋಲ್ಟೇಜ್ ಬಿದ್ದು ಪಂಪ್ ನಿಧಾನ ಆಗಿ, ಇಂಜೆಕ್ಟರ್ ತಡವಾಗಿ ತೆರೆದು, ಎಂಜಿನ್‌ಗೆ ಪೆಟ್ರೋಲ್ ಸಾಲದೇ ಹೋಗುತ್ತೆ. ಮೈದಾನದಲ್ಲಿ ಎರಡು ನಿಮಿಷದ ಆಟೋಕ್ರಾಸ್‌ಗೆ ನಡೆದೀತು. ರ‍್ಯಾಲಿಗೆ ಆಗಲ್ಲ. ಅದೂ ಅಲ್ಲದೆ ವಾಟರ್ ಪಂಪಿಗೆ ಬೆಲ್ಟ್ ಹೇಗೂ ಬೇಕು, ಆಲ್ಟರ್ನೇಟರ್ ತೆಗೆದ್ರೆ ಅದನ್ನ ಬಿಗಿ ಮಾಡೋಕೆ ಬೇರೆ ಪುಲ್ಲಿ ಹಾಕ್ಬೇಕು. ಉಳಿಸಿದ್ದೇನು?

ನಾನು ಬದಲಾಯಿಸಿದ್ದು ಆಲ್ಟರ್ನೇಟರ್ ಪುಲ್ಲಿ ಮಾತ್ರ. ಕಾರಣ ಇದು. ಕ್ರ್ಯಾಂಕ್ ಪುಲ್ಲಿ 130 ಮಿ.ಮೀ., ಆಲ್ಟರ್ನೇಟರ್ ಪುಲ್ಲಿ 60 ಮಿ.ಮೀ. ಅಂದುಕೊಳ್ಳಿ. ಎಂಜಿನ್ 7000ದಲ್ಲಿ ಇರುವಾಗ ಆಲ್ಟರ್ನೇಟರ್ 15,000 ದಾಟಿ ತಿರುಗುತ್ತೆ. ಪೇಟೆಯಲ್ಲಿ ಓಡಿಸುವಾಗ ಅಲ್ಲಿಗೆ ಯಾರೂ ಹೋಗಲ್ಲ, ರ‍್ಯಾಲಿಯಲ್ಲಿ ಪದೇ ಪದೇ ಹೋಗ್ತೀವಿ. ಬೇರಿಂಗಿಗೂ ಕಷ್ಟ, ಒಳಗಿನ ತಂತಿ ಸುತ್ತಿಗೂ ಕಷ್ಟ. ಪುಲ್ಲಿಯನ್ನ 72 ಮಿ.ಮೀ. ಮಾಡಿದ್ರೆ ಅದು 12,600ಕ್ಕೆ ಇಳಿಯುತ್ತೆ. ಬದಲಿಗೆ ಐಡ್ಲಿಂಗ್‌ನಲ್ಲಿ ಚಾರ್ಜ್ ಕಡಿಮೆ ಆಗುತ್ತೆ, ಅದಕ್ಕೆ ಐಡ್ಲಿಂಗನ್ನ 1100–1200ಕ್ಕೆ ಏರಿಸಿಕೊಂಡೆ. ಫ್ಯಾನ್, ಪಂಪ್, ಲೈಟ್ ಎಲ್ಲಾ ಹಾಕಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದ್ರೆ 13.5 ವೋಲ್ಟ್ ಮೇಲೆ ಇರಬೇಕು. ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಇದು ಇನ್ನೂ ಸುಲಭ ಆಯ್ತು.

ವಾಟರ್ ಪಂಪ್ ಪುಲ್ಲಿ ಮುಟ್ಟಲಿಲ್ಲ. ಅದನ್ನ ನಿಧಾನ ಮಾಡಿ ಅಂತ ಸಲಹೆ ಕೊಡೋರು ಸಮತಟ್ಟು ಟ್ರ್ಯಾಕಿನ ಲೆಕ್ಕದಲ್ಲಿ ಹೇಳ್ತಾರೆ. ಘಾಟಿಯಲ್ಲಿ, ಗಾಳಿಯೇ ಇಲ್ಲದ ಕಾಡಿನ ರಸ್ತೆಯಲ್ಲಿ ಆ ಆಟ ಬೇಡ. ಕ್ರ್ಯಾಂಕ್ ಪುಲ್ಲಿಯನ್ನೂ ಮುಟ್ಟಲಿಲ್ಲ. ಅದರಲ್ಲಿ ತೆಗೆದ ಬೆಲ್ಟ್ ಕೂರುತ್ತಿದ್ದ ಹೊರಗಿನ ಗ್ರೂವ್ ಖಾಲಿ ಉಳಿದಿದೆ, ಇರಲಿ. ಟೈಮಿಂಗ್ ಗುರುತು ಅದರ ಮೇಲೇ ಇದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪುಲ್ಲಿಯ ಮಧ್ಯೆ ರಬ್ಬರ್ ಉಂಗುರ ಇರುತ್ತೆ, ಅದು ಕ್ರ್ಯಾಂಕ್ ತಿರುಚಿ ಅದುರೋದನ್ನ ತಡೆಯೋಕೆ ಇರೋದು. ಅಂಥದ್ದನ್ನ ತೆಗೆದು ಹಗುರದ ಅಲ್ಯೂಮಿನಿಯಂ ಪುಲ್ಲಿ ಹಾಕಿದ್ರೆ ಮುಂದೆ ಕ್ರ್ಯಾಂಕೇ ಕೈಕೊಡಬಹುದು.

ಪುಲ್ಲಿ ಮಾಡಿಸಿದ್ದು ಭದ್ರಾವತಿಯ ಒಂದು ಲೇತ್ ಅಂಗಡಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಊರು, ಅಲ್ಲಿ ಟರ್ನರ್‌ಗಳಿಗೆ ಬರ ಇಲ್ಲ. ನಾನು ಅಲ್ಯೂಮಿನಿಯಂ ತುಂಡು ಹಿಡ್ಕೊಂಡು ಹೋಗಿದ್ದೆ. ಮೇಸ್ತ್ರಿ ಅದನ್ನ ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟರು.

“ಎಲ್ಲಿ ಓಡ್ಸೋದು ತಮ್ಮಾ ಇದನ್ನ?”

“ಮಣ್ಣಲ್ಲೇ ಮೇಸ್ತ್ರಿ, ತೋಟದ ರಸ್ತೆ.”

“ಹಂಗಾದ್ರೆ ಇದು ಎಂತಕ್ಕೆ ಮಾರಾಯ? ಮಣ್ಣು ಅರ ಹಾಕಿದಂಗೆ ತಿಂತದೆ ಇದನ್ನ. ಸ್ಟೀಲಲ್ಲಿ ಮಾಡಿಕೊಡ್ತೀನಿ, ತಗಂಡು ಹೋಗು.”

ಸ್ಟೀಲಲ್ಲೇ ಮಾಡಿದ್ರು. ನನ್ನದು ನಾಲ್ಕು ಗೆರೆಯ ಬೆಲ್ಟ್, ಅಂದ್ರೆ ಒಳಮೈ ಉದ್ದಕ್ಕೂ ನಾಲ್ಕು ಏಣು. ಪಿಕೆ ಅನ್ನೋ ಈ ಗೆರೆ ಬೆಲ್ಟುಗಳಲ್ಲಿ ಗೆರೆಯಿಂದ ಗೆರೆಗೆ ಅಂತರ 3.56 ಮಿ.ಮೀ., ಗ್ರೂವಿನ ಕೋನ 40 ಡಿಗ್ರಿ. ಮೇಸ್ತ್ರಿ ಮೊದಲು ಟೂಲ್ ಬಿಟ್ಟನ್ನ ಆ ಕೋನಕ್ಕೆ ಸಾಣೆ ಹಿಡಿದ್ರು, ಹಳೇ ಪುಲ್ಲಿಯ ಗ್ರೂವಿಗೆ ಅದನ್ನ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟು ಬೆಳಕು ನುಸುಳುತ್ತಾ ಅಂತ ನೋಡಿದ್ರು, ಮತ್ತೆ ಸಾಣೆ ಹಿಡಿದ್ರು. ಒಂದು ಗ್ರೂವ್ ಕೊರೆದ ಮೇಲೆ ಡಯಲ್ ನೋಡಿ ಸರಿಸಿ ಮುಂದಿನದು. ಕೊನೆಗೆ ಬೆಲ್ಟಿನ ತುಂಡು ಒತ್ತಿ ಕೂರಿಸಿ, ತೆಗೆದು, ಎಲ್ಲಾ ಗೆರೆಯಲ್ಲೂ ಗುರುತು ಒಂದೇ ಸಮ ಬಿದ್ದಿದೆಯಾ ಅಂತ ತೋರಿಸಿದ್ರು. ನೀವು ಮಾಡಿಸುವಾಗ ಚೂಪು ಅಂಚು ಮಾತ್ರ ಉಳಿಸಬೇಡಿ ಅಂತ ಟರ್ನರ್‌ಗೆ ಹೇಳಿ, ಅದು ಬೆಲ್ಟ್ ಕೊಯ್ಯುತ್ತೆ.

ಪುಲ್ಲಿ ದೊಡ್ಡದಾದ್ರೆ ಬೆಲ್ಟೂ ಉದ್ದ ಬೇಕು. ವ್ಯಾಸ 12 ಮಿ.ಮೀ. ಹೆಚ್ಚಾದ್ರೆ, ಬೆಲ್ಟ್ ಅದನ್ನ ಅರ್ಧ ಸುತ್ತು ತಬ್ಬುತ್ತೆ ಅಂದುಕೊಂಡ್ರೆ, ಸುಮಾರು 19 ಮಿ.ಮೀ. ಉದ್ದ ಜಾಸ್ತಿ. ಲೆಕ್ಕ ನಂಬದೇ ಇದ್ರೆ ಹಿಗ್ಗದ ತೆಳು ವೈರನ್ನ ಪುಲ್ಲಿಗಳ ಸುತ್ತ ಹಾಕಿ ಅಳೆದುಕೊಳ್ಳಿ. ಹಾಗೆ ಅಳೆಯುವಾಗ ಆಲ್ಟರ್ನೇಟರ್ ಅದರ ಓಡಾಟದ ಒಳತುದಿಗೆ ಹತ್ತಿರ ಇರಲಿ, ಬೆಲ್ಟ್ ಹಿಗ್ಗಿದ ಮೇಲೆ ಎಳೆಯೋಕೆ ಜಾಗ ಬೇಕಲ್ವಾ. ಬೆಲ್ಟ್ ಮೇಲೆ 4ಪಿಕೆ 840 ಅಂತ ಇದ್ರೆ ನಾಲ್ಕು ಗೆರೆ, 840 ಮಿ.ಮೀ. ಉದ್ದ ಅಂತ ಅರ್ಥ, ಅಷ್ಟೇ.

ಆಮೇಲೆ ಸಾಲು. ಮೂರೂ ಪುಲ್ಲಿ ಒಂದೇ ಗೆರೆಯಲ್ಲಿ ಇರಬೇಕು. ಪುಲ್ಲಿ ಮುಖಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿ, ಒಂದು ಅಡಿ ದೂರಕ್ಕೆ ಒಂದೂವರೆ ಮಿ.ಮೀ. ಮೀರಿ ಆಚೀಚೆ ಇದ್ದರೆ ಬೆಲ್ಟ್ ಕಿರುಚುತ್ತೆ, ಒಂದು ಅಂಚು ನೂಲು ಬಿಡುತ್ತೆ. ನನಗೆ ಆಲ್ಟರ್ನೇಟರ್ ಹಿಂದೆ ಒಂದು ತೆಳು ವಾಷರ್ ಬೇಕಾಯ್ತು.

ಬಿಗಿ ಮಾಡೋಕೆ ಇದ್ದ ಸೀಳು ಪಟ್ಟಿ ತೆಗೆದುಬಿಟ್ಟೆ. ಗುಂಡಿಯಲ್ಲಿ ಗಾಡಿ ಕುಟ್ಟಿ ಕುಟ್ಟಿ ಆ ಬೋಲ್ಟ್ ಜಾರುತ್ತೆ. ಅದರ ಬದಲು ಎರಡು ತುದಿಗೆ ರಾಡ್ ಎಂಡ್ (ಆಚೀಚೆ ವಾಲೋ ಉಂಗುರದ ಕೀಲು) ಇರೋ ಎಂ8 (8 ಮಿ.ಮೀ.) ಸರಳು, ಒಂದು ಕಡೆ ಬಲಕ್ಕೆ ಬಿಗಿಯೋ ಮರೆ, ಒಂದು ಕಡೆ ಎಡಕ್ಕೆ ಬಿಗಿಯೋ ಮರೆ. ಮಧ್ಯೆ ಹಿಡಿದು ತಿರುಗಿಸಿದ್ರೆ ಬೆಲ್ಟ್ ಬಿಗಿಯಾಗುತ್ತೆ, ಲಾಕ್ ನಟ್ ಕಟ್ಟಿದ್ರೆ ಅಲ್ಲೇ ನಿಲ್ಲುತ್ತೆ. ಹೆಬ್ಬೆರಳಿಂದ ಜೋರಾಗಿ ಒತ್ತಿದಾಗ 6–8 ಮಿ.ಮೀ. ಬಾಗಿದ್ರೆ ಸಾಕು. ಬೆಲ್ಟ್ ಜಾರಬಾರದು ಅಂತ ತಂತಿ ಥರ ಬಿಗಿದ್ರೆ ಮೊದಲು ಹೋಗೋದು ವಾಟರ್ ಪಂಪ್ ಬೇರಿಂಗ್. ಹೊಸ ಬೆಲ್ಟನ್ನ ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಂದು ಸಲ ನೋಡಿ.

ಕೊನೆಗೆ ಮುಚ್ಚಳ. ಚಕ್ರದ ಕಡೆಯಿಂದ ಒಂದು ಸಣ್ಣ ಜಲ್ಲಿ ಬೆಲ್ಟಿಗೂ ಪುಲ್ಲಿಗೂ ಮಧ್ಯೆ ಸಿಕ್ಕಿದ್ರೆ ಇಷ್ಟೆಲ್ಲಾ ಮಾಡಿದ್ದು ದಂಡ. ಕಂಪನಿಯ ಪ್ಲಾಸ್ಟಿಕ್ ಯಾವಾಗಲೋ ಪುಡಿಯಾಗಿತ್ತು. ಅಲ್ಲಿನ ಜಾಗ ವಕ್ರವಕ್ರ, ರಟ್ಟಿನಲ್ಲಿ ಅಳತೆ ಸಿಗಲ್ಲ. ಅಡಿಕೆ ಹಾಳೆಯನ್ನ ನೀರಲ್ಲಿ ನೆನೆಸಿ, ಒದ್ದೆ ಇರುವಾಗಲೇ ಆ ಜಾಗಕ್ಕೆ ಒತ್ತಿ ಬಗ್ಗಿಸಿ, ಬಟ್ಟೆ ಕ್ಲಿಪ್ ಹಾಕಿ ಒಣಗೋಕೆ ಬಿಟ್ಟೆ. ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನ ನೋಡಿಕೊಂಡು ಒಂದೂವರೆ ಮಿ.ಮೀ. ಅಲ್ಯೂಮಿನಿಯಂ ತಗಡು ಕತ್ತರಿಸಿ ಬಗ್ಗಿಸಿದ್ದು. ಅಮ್ಮ ಮಾತ್ರ ಒಳ್ಳೇ ಹಾಳೆ ಹಾಳು ಮಾಡಿದೆ ಅಂತ ಬೈದ್ರು. ಮುಚ್ಚಳದ ಕೆಳಭಾಗ ಪೂರ್ತಿ ಮುಚ್ಚಬೇಡಿ. ಒಳಗೆ ಹೋದ ಮಣ್ಣು ಹೊರಗೆ ಬೀಳಲೇಬೇಕು, ಇಲ್ಲದಿದ್ರೆ ಗ್ರೂವುಗಳಲ್ಲಿ ಕೂತು ಒಣಗಿ ಬೆಲ್ಟನ್ನ ಮೇಲಕ್ಕೆ ಎತ್ತಿ ಬಿಸಾಕುತ್ತೆ.

ಈಗ ಬೆಲ್ಟ್ ಹೋದರೆ ಎರಡು ಸ್ಪ್ಯಾನರ್ ಸಾಕು, ಸ್ಪೇರ್ ಬೆಲ್ಟಿನ ಜೊತೆಗೇ ಅವನ್ನೂ ಸೀಟಿನ ಹಿಂದೆ ಕಟ್ಟಿಟ್ಟಿದ್ದೀನಿ. ಬೆಲ್ಟ್ ನಂಬರನ್ನ ಬಾನೆಟ್ ಒಳಗಡೆ ಪೇಂಟ್ ಮಾರ್ಕರಲ್ಲಿ ದೊಡ್ಡದಾಗಿ ಬರೆದಿದ್ದೀನಿ. ಸಾಗರದಲ್ಲೋ ಕೊಪ್ಪದಲ್ಲೋ ಅಂಗಡಿಗೆ ಹೋದಾಗ “ಯಾವ ಗಾಡಿ?” ಅಂತಲೇ ಮೊದಲು ಕೇಳ್ತಾರೆ. ಎಸ್ಟೀಮ್ ಅಂದ್ರೆ ಕಂಪನಿ ಅಳತೆಯದ್ದನ್ನ ಕೊಡ್ತಾರೆ, ಅದು ಈಗ ನಮ್ಮ ಪುಲ್ಲಿಗೆ ಕೂರಲ್ಲ. ನಂಬರ್ ಮಾತ್ರ ಹೇಳಿ.