ಡೇ ಕೇರ್ ಆರಿಸುವ ಮುನ್ನ: ಮಗುವನ್ನು ಎತ್ತಿಕೊಳ್ಳುವ ಕೈ ಯಾರದು?

ಬಾಣಂತನ ಮುಗಿಸಿ ತವರಿನಿಂದ ಬೆಂಗಳೂರಿಗೆ ಮರಳಿದಾಗ ನಾನು ಕೆಲಸಕ್ಕೆ ಹಾಜರಾಗಲು ಒಂಬತ್ತು ದಿನ ಉಳಿದಿತ್ತು. ಆ ಒಂಬತ್ತು ದಿನಗಳಲ್ಲಿ ಡೇ ಕೇರ್ ಹುಡುಕಿ, ಮಗಳನ್ನು ಸೇರಿಸಿ, ಒಗ್ಗಿಸಿಯೂ ಬಿಡಬಹುದೆಂದು ನಂಬಿದ್ದೆ. ಗೋಡೆಯ ತುಂಬ ಆನೆ, ಜಿರಾಫೆ ಬರೆಸಿದ್ದ, ಫೋನಿನಲ್ಲೇ ಮಗುವನ್ನು ನೋಡುತ್ತಿರಬಹುದು ಎಂದು ಹೇಳಿದ ಒಂದು ಕೇಂದ್ರಕ್ಕೆ ಮುಂಗಡ ಕಟ್ಟಿದೆ. ಎರಡು ತಿಂಗಳಲ್ಲಿ ಅವಳನ್ನು ನೋಡಿಕೊಳ್ಳುವ ಆಯಮ್ಮ ಮೂರು ಬಾರಿ ಬದಲಾದರು. ಮಗಳು ಅಲ್ಲಿ ಮಲಗುವುದನ್ನೇ ಬಿಟ್ಟಳು. ಸಂಜೆ ನನ್ನ ತೋಳಿಗೆ ಬಂದವಳೇ ಆಟೋ ಹತ್ತುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಆಮೇಲೆ ರಜೆ ಹಾಕಿ ಏಳು ಕೇಂದ್ರಗಳನ್ನು ಸುತ್ತಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಕಾಟಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಸಿಗುತ್ತಿದೆ. ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುನ್ನವೇ ತೆಗೆದುಕೊಂಡಿದ್ದರೆ, ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ನಾಲ್ಕು ತಿಂಗಳು ತುಂಬಿರುತ್ತದೆ, ಅಷ್ಟೆ. ಅನೇಕ ಕೇಂದ್ರಗಳು ಆರು ತಿಂಗಳಿಗಿಂತ ಚಿಕ್ಕ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ನಡುವಿನ ಆ ಎರಡು ತಿಂಗಳಿಗೆ ಅಜ್ಜಿ ಬರುತ್ತಾರೋ, ನೀವೇ ರಜೆ ಮುಂದುವರಿಸುತ್ತೀರೋ ಎಂಬುದನ್ನು ಮೊದಲು ಮನೆಯಲ್ಲಿ ಕುಳಿತು ತೀರ್ಮಾನಿಸಿ.

ಅದೇ ತಿದ್ದುಪಡಿಯ ಇನ್ನೊಂದು ಅಂಶ ಅನೇಕ ತಾಯಂದಿರಿಗೆ ಗೊತ್ತೇ ಇರುವುದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ವ್ಯವಸ್ಥೆ ಮಾಡಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಲು ಬಿಡಬೇಕು. ನಿಮ್ಮ ಸಂಸ್ಥೆಯಲ್ಲಿ ಏನಿದೆ ಎಂದು ಬರವಣಿಗೆಯಲ್ಲಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಇದೆಯೇ ಎಂದು ವಿಚಾರಿಸಿ. 2023-24ರ ರಾಜ್ಯ ಬಜೆಟ್‌ನಲ್ಲಿ ಇಂಥ 4,000 ಕೇಂದ್ರಗಳನ್ನು ಘೋಷಿಸಲಾಗಿತ್ತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಯೋಜನೆ ಅದು.

ಮನೆಯ ಹತ್ತಿರವೋ, ಕಚೇರಿಯ ಹತ್ತಿರವೋ?

ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಕಚೇರಿಯ ಹತ್ತಿರ. ಮಧ್ಯಾಹ್ನ ಹೋಗಿ ಹಾಲುಣಿಸಿ ಬರುವ ಅನುಕೂಲಕ್ಕೆ ಸಮನಾದದ್ದು ಬೇರೊಂದಿಲ್ಲ. ಹಾಲು ತೆಗೆದಿಟ್ಟು ಹೋಗುವುದಾದರೆ ಕೇಂದ್ರದಲ್ಲಿ ಫ್ರಿಜ್ ಇದೆಯೇ ನೋಡಿ. ತಂಪಾದ ಕೋಣೆಯಲ್ಲಿ ಎದೆಹಾಲು ನಾಲ್ಕು ಗಂಟೆ ಕೆಡದೆ ಇರುತ್ತದೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಮಗು ಒಂದು ವರ್ಷ ದಾಟಿದ್ದರೆ ನನ್ನ ಮತ ಮನೆಯ ಕಡೆಗೆ. ಬೆಂಗಳೂರಿನ ಸಂಜೆಯ ವಾಹನ ದಟ್ಟಣೆಯಲ್ಲಿ ಹಸಿದ ಮಗುವಿನೊಂದಿಗೆ ಒಂದೂವರೆ ಗಂಟೆ ಸಿಕ್ಕಿಕೊಳ್ಳುವುದು ಇಬ್ಬರಿಗೂ ಹಿಂಸೆ. ಮನೆಯ ಹತ್ತಿರವಿದ್ದರೆ, ನಿಮಗೆ ತಡವಾದ ದಿನ ಪಕ್ಕದ ಮನೆಯವರಾದರೂ ಹೋಗಿ ಕರೆತಂದಾರು.

ಒಮ್ಮೆ ಹೇಳಿ ಹೋಗಿ, ಎರಡು ಬಾರಿ ಹೇಳದೆ ಹೋಗಿ

ಮೊದಲೇ ಹೇಳಿ ಹೋದ ದಿನ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಶುಲ್ಕ, ಸಮಯ, ರಜಾ ದಿನಗಳನ್ನು ಕೇಳಿಕೊಳ್ಳಲು ಅಷ್ಟು ಸಾಕು. ನಿಜ ತಿಳಿಯಬೇಕಿದ್ದರೆ ಮಧ್ಯಾಹ್ನ ಒಂದು ಗಂಟೆಗೆ, ಊಟ ಮುಗಿದು ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ಹೋಗಿ. ಇನ್ನೊಂದು ದಿನ ಸಂಜೆ ಆರರ ಸುಮಾರಿಗೆ ಹೋಗಿ. ಆಗ ಕೆಲವು ಆಯಮ್ಮಂದಿರು ಮನೆಗೆ ಹೊರಟಿರುತ್ತಾರೆ, ಉಳಿದವರು ದಣಿದಿರುತ್ತಾರೆ, ಅಪ್ಪ ಅಮ್ಮ ಇನ್ನೂ ಬಾರದ ಮಕ್ಕಳು ಬಾಗಿಲನ್ನೇ ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಟಿವಿ ಹಚ್ಚಿ ಮಕ್ಕಳನ್ನು ಅದರ ಮುಂದೆ ಕೂರಿಸಿದ್ದಾರೆಯೇ, ಯಾರಾದರೂ ಅವರ ಜೊತೆ ನೆಲದ ಮೇಲೆ ಕುಳಿತಿದ್ದಾರೆಯೇ ನೋಡಿ.

ಯಾವುದೋ ಮಗು ಅಳುತ್ತಿರುತ್ತದೆ. ಮಕ್ಕಳಿರುವ ಕಡೆ ಅದು ಸಹಜ. ಅತ್ತ ಮಗುವನ್ನು ಎಷ್ಟು ಹೊತ್ತಿನಲ್ಲಿ ಎತ್ತಿಕೊಂಡರು, ಎತ್ತಿಕೊಂಡಾಗ ಅದರ ಮುಖ ನೋಡಿ ಏನಾದರೂ ಮಾತನಾಡಿದರೇ ಎಂಬುದನ್ನು ಗಮನಿಸಿ. ನಾನು ಹೋದ ಒಂದು ಕಡೆ ಹನ್ನೊಂದು ನಿಮಿಷ ಯಾರೂ ಎತ್ತಿಕೊಳ್ಳಲಿಲ್ಲ. ವ್ಯವಸ್ಥಾಪಕರು ಆ ಹನ್ನೊಂದು ನಿಮಿಷವೂ ನನಗೆ ಪಠ್ಯಕ್ರಮ ವಿವರಿಸುತ್ತಿದ್ದರು.

ಪೋಷಕರಿಗೆ ಒಳಗೆ ಪ್ರವೇಶವಿಲ್ಲ, ಗೇಟಿನಲ್ಲೇ ಮಗುವನ್ನು ಕೊಟ್ಟು ಹೋಗಿ ಎನ್ನುವ ಕೇಂದ್ರವನ್ನು ಅಲ್ಲಿಗೇ ಬಿಟ್ಟುಬಿಡಿ. ಸಿಸಿಟಿವಿ ಇದೆ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ. ಕ್ಯಾಮೆರಾ ಇರಲಿ, ಒಳ್ಳೆಯದೇ. ಆದರೆ ಮಗುವಿನ ಲಂಗೋಟಿ ಬದಲಿಸುವ ದೃಶ್ಯ ಇನ್ನಾರ ಫೋನಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಆಯಮ್ಮನ ಜೊತೆ ಮಾತನಾಡಿ

ಈ ಇಡೀ ಲೇಖನದಲ್ಲಿ ನಿಮಗೆ ಒಂದೇ ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ವ್ಯವಸ್ಥಾಪಕರು ಪಕ್ಕಕ್ಕೆ ಹೋದಾಗ ಆಯಮ್ಮನನ್ನು ಕೇಳಿ: "ನೀವು ಇಲ್ಲಿಗೆ ಸೇರಿ ಎಷ್ಟು ದಿನವಾಯಿತಮ್ಮಾ?" ನಾವು ಕೊನೆಗೆ ಆರಿಸಿದ ಕೇಂದ್ರದಲ್ಲಿ ಸಿಕ್ಕ ಉತ್ತರ: "ಏಳು ವರ್ಷವಾಯಿತು ಮೇಡಂ. ಆಗ ನಾನು ಎತ್ತಿ ಆಡಿಸಿದ ಮಕ್ಕಳು ಈಗ ಸೈಕಲ್ ತುಳಿಯುತ್ತಾ ಬಂದು ಮಾತನಾಡಿಸಿ ಹೋಗುತ್ತಾರೆ." ಆ ಕಟ್ಟಡದ ಗೋಡೆಗೆ ಸುಣ್ಣ ಹೊಡೆಸಿ ಬಹಳ ಕಾಲವಾಗಿತ್ತು. ನಾನು ಅದನ್ನು ಎರಡನೆಯ ಬಾರಿ ನೋಡಲಿಲ್ಲ.

ಎಂಟು ತಿಂಗಳ ಆಸುಪಾಸಿನಲ್ಲಿ ಮಕ್ಕಳು ತಮ್ಮವರನ್ನೂ ಅಪರಿಚಿತರನ್ನೂ ಬೇರೆ ಬೇರೆಯಾಗಿ ಗುರುತಿಸಲು ಶುರು ಮಾಡುತ್ತಾರೆ. ಮುಂದಿನ ಹಲವು ತಿಂಗಳು ಅಗಲಿಕೆಯ ಭಯ ತೀವ್ರವಾಗಿರುತ್ತದೆ. ಹಚ್ಚಿಕೊಂಡ ಮುಖವೇ ಆರು ವಾರಕ್ಕೊಮ್ಮೆ ಮಾಯವಾದರೆ ಮಗು ಯಾರನ್ನು ನಂಬಿ ಕಣ್ಣು ಮುಚ್ಚಬೇಕು? ಆಯಮ್ಮಂದಿರು ನಿಲ್ಲದೆ ಹೋಗುವುದಕ್ಕೆ ಕಾರಣಗಳಿರುತ್ತವೆ: ಸಂಬಳ ಸಾಲದು, ವಾರದ ರಜೆ ಇಲ್ಲ, ಕೂತು ಉಣ್ಣಲು ಬಿಡುವಿಲ್ಲ. ಆದ್ದರಿಂದ ಅವರ ಸಂಬಳ ಸರಿಯಾಗಿ ಬರುತ್ತದೆಯೇ, ಒಬ್ಬರು ರಜೆ ಹಾಕಿದರೆ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂದು ವಿಚಾರಿಸುವುದು ನಿಮ್ಮ ಮಗುವಿನ ವಿಷಯವೇ.

ಇನ್ನು ಲೆಕ್ಕ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಶಿಶುಪಾಲನಾ ಕೇಂದ್ರಗಳ ಮಾರ್ಗಸೂಚಿ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಪಾಲಕರು ಎನ್ನುತ್ತದೆ. ನನಗೆ ಕೂಸುಗಳ ವಿಷಯದಲ್ಲಿ ಈ ಸಂಖ್ಯೆ ಒಪ್ಪಿಗೆಯಿಲ್ಲ. ಎರಡನೆಯ ಮಹಡಿಯಲ್ಲಿ ಬೆಂಕಿ ಕಾಣಿಸಿಕೊಂಡಿತೆಂದು ಯೋಚಿಸಿ. ಇನ್ನೂ ನಡೆಯಲು ಬಾರದ ಎಷ್ಟು ಮಕ್ಕಳನ್ನು ಒಬ್ಬ ಹೆಂಗಸು ಎತ್ತಿಕೊಂಡು ಮೆಟ್ಟಿಲಿಳಿಯಬಲ್ಲಳು? ಎರಡು. ಒಂದು ವರ್ಷದೊಳಗಿನವರಿಗೆ ಮೂರು ಅಥವಾ ನಾಲ್ಕು ಮಕ್ಕಳಿಗೊಬ್ಬರು ಇರುವ ಕಡೆಯನ್ನೇ ಹುಡುಕಿ. ಕೇಂದ್ರ ನೆಲಮಹಡಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಅವರು ಬಾಯಲ್ಲಿ ಹೇಳುವ ಸಂಖ್ಯೆಯನ್ನು ನೆಚ್ಚಬೇಡಿ, ಹೇಳದೆ ಹೋದ ದಿನ ತಲೆ ಎಣಿಸಿ.

ನೆಲದ ಮೇಲೆ ಕುಳಿತು ನೋಡಿ

ಮಗುವಿನ ಎತ್ತರಕ್ಕೆ ಇಳಿದರೆ ನಿಂತಾಗ ಕಾಣದ್ದು ಕಾಣುತ್ತದೆ: ಕೈಗೆಟುಕುವ ಪ್ಲಗ್, ಮೇಜಿನ ಚೂಪು ಮೂಲೆ, ಅಗುಳಿಯಿಲ್ಲದ ಗೇಟು. ಬಚ್ಚಲಲ್ಲಿ ನೀರು ತುಂಬಿಟ್ಟ ಬಕೆಟ್ ಇದ್ದರೆ ಅದನ್ನು ಅಲ್ಲೇ ಪ್ರಶ್ನಿಸಿ. ಅಂಬೆಗಾಲಿಡುವ ಮಗು ಮುಳುಗಲು ಗೇಣುದ್ದ ನೀರೂ ಬೇಕಿಲ್ಲ. ಕಿಟಕಿಗಳಿಗೆ ಸೊಳ್ಳೆ ಪರದೆ ಇರಬೇಕು. ಫಿನಾಯಿಲ್ ವಾಸನೆ ಮೂಗಿಗೆ ರಾಚುವಂತಿದ್ದರೆ ಯಾವುದೋ ದುರ್ವಾಸನೆಯನ್ನು ಮುಚ್ಚುತ್ತಿದ್ದಾರೆಂದು ನನಗೆ ಅನುಮಾನ ಬರುತ್ತದೆ.

ಮುಖದ ಬಳಿ ದಿಂಬು, ದಪ್ಪ ಹೊದಿಕೆ ಇಡದೆ ಕೂಸನ್ನು ಅಂಗಾತ ಮಲಗಿಸುತ್ತಾರೆಯೇ ಗಮನಿಸಿ. ಲಂಗೋಟಿ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಕಣ್ಣಾರೆ ನೋಡುವವರೆಗೆ ಅಲ್ಲಿಂದ ಏಳಬೇಡಿ. ಊಟಕ್ಕೆ ರಾಗಿ ಸರಿಯೋ, ಮೆತ್ತಗಿನ ಅನ್ನ ಬೇಳೆಯೋ ಏನಾದರೂ ಇರಲಿ, ಆಗಷ್ಟೇ ಮಾಡಿದ್ದಿರಲಿ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ಇದ್ದರೆ ಬೇಡವೆಂದು ಸ್ಪಷ್ಟವಾಗಿ ಹೇಳಿ.

ಜ್ವರ ಬಂದ ಮಗುವನ್ನು ಮನೆಗೆ ಕಳುಹಿಸುವ ಕೇಂದ್ರದ ಮೇಲೆ ಸಿಟ್ಟಾಗಬೇಡಿ, ಅದು ಉಳಿದ ಮಕ್ಕಳನ್ನು ಕಾಯುತ್ತಿದೆ. ಸೇರಿಸುವಾಗ ತಾಯಿ ಕಾರ್ಡ್ ತೋರಿಸಿ ಎಂದು ಲಸಿಕೆಯ ವಿವರ ಕೇಳುವವರು ನನಗೆ ಇಷ್ಟ. ಮೊದಲ ಕೆಲವು ತಿಂಗಳು ನೆಗಡಿ, ಕೆಮ್ಮು ಬಿಟ್ಟೂ ಬಿಡದೆ ಬರುತ್ತವೆ. ಅದಕ್ಕೆಂದೇ ರಜೆ ಉಳಿಸಿಕೊಳ್ಳಿ. ನಿಮ್ಮ ಬರವಣಿಗೆಯ ಒಪ್ಪಿಗೆ ಇಲ್ಲದೆ ಒಂದು ಚಮಚ ಔಷಧವನ್ನೂ ಕೊಡಕೂಡದು.

ಸಹಿ ಹಾಕುವ ಮೊದಲು

ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ, ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ದಿನಾಂಕ ಮುಗಿದಿದೆಯೇ, ಮುಂಗಡ ಹಣ ಹಿಂತಿರುಗುತ್ತದೆಯೇ, ಮಗುವಿನ ಫೋಟೊವನ್ನು ಜಾಲತಾಣಗಳಿಗೆ ಹಾಕುತ್ತಾರೆಯೇ ಎಂಬುದನ್ನು ಕೇಳಿಕೊಳ್ಳಿ. ಮಗುವನ್ನು ಯಾರು ಯಾರು ಕರೆದೊಯ್ಯಬಹುದು ಎಂಬ ಪಟ್ಟಿಯನ್ನು ಫೋಟೊ ಸಮೇತ ಕೊಡಿ. ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ.

ಮೊದಲ ಎರಡು ವಾರ

ಮೊದಲ ದಿನ ಒಂದೇ ಗಂಟೆ, ನೀವೂ ಜೊತೆಗಿದ್ದು. ಮೂರನೆಯ ದಿನ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ. ಊಟದವರೆಗೆ, ನಿದ್ದೆಯವರೆಗೆ ಎಂದು ಮೆಲ್ಲಗೆ ಹಿಗ್ಗಿಸಿ. ಆಟದಲ್ಲಿ ಮೈಮರೆತಾಗ ಕದ್ದು ಹೊರಡಬೇಡಿ. ಅಳಲಿ, ಆದರೂ "ಹೋಗಿ ಬರುತ್ತೇನೆ ಪುಟ್ಟಿ, ಮಲಗಿ ಎದ್ದ ಮೇಲೆ ಬರುತ್ತೇನೆ" ಎಂದು ಹೇಳಿಯೇ ಹೊರಡಿ. ನಾನು ಉಟ್ಟು ಮೆತ್ತಗಾದ ಹತ್ತಿ ಸೀರೆಯ ತುಂಡೊಂದನ್ನು ಒಗೆಯದೆ ಚೀಲದಲ್ಲಿ ಇಟ್ಟು ಕಳುಹಿಸುತ್ತಿದ್ದೆ. ಅಮ್ಮನ ವಾಸನೆಯ ಆ ತುಂಡನ್ನು ಹಿಡಿದುಕೊಂಡು ಅವಳು ಆಯಮ್ಮನ ಮಡಿಲಲ್ಲಿ ಮಲಗಿದ ದಿನ ಐದನೆಯದು.

ಬೆಳಿಗ್ಗೆ ಬಿಡುವಾಗ ಅಳುವುದು ಎರಡು ಮೂರು ವಾರಗಳಲ್ಲಿ ತಗ್ಗುತ್ತದೆ. ತಗ್ಗದೆ ಹೆಚ್ಚುತ್ತಾ ಹೋದರೆ, ಮಗು ಸರಿಯಾಗಿ ಉಣ್ಣದಿದ್ದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಮುದುಡಿಕೊಂಡರೆ ತಡಮಾಡಬೇಡಿ. ಮೈಮೇಲಿನ ಗಾಯಕ್ಕೆ ಎರಡು ಬಾರಿ ಕೇಳಿದರೆ ಎರಡು ಉತ್ತರ ಬಂದರೆ ಆ ದಿನವೇ ಬಿಡಿಸಿ ಕರೆತನ್ನಿ, ಮುಂಗಡ ಹೋದರೆ ಹೋಗಲಿ. ಹಿಂಸೆಯ ಅನುಮಾನವಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಗಾಯದ ಫೋಟೊ ತೆಗೆದಿಟ್ಟುಕೊಳ್ಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.