ಡಿಸೆಂಬರ್ ರಜೆಗೆ 375 ಪುಟ

ವರ್ಷದ ಕೊನೆಯ ರಜೆಗೆಂದು ಎತ್ತಿಟ್ಟ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಓದದೇ ಉಳಿಯುವುದಕ್ಕೆ ಅಭಿರುಚಿ ಕಾರಣವಲ್ಲ, ಲೆಕ್ಕ ತಪ್ಪುವುದು ಕಾರಣ. ಅದಕ್ಕೇ ನಾನು ಪುಸ್ತಕದ ಹೆಸರು ಬರೆದುಕೊಳ್ಳುವ ಮೊದಲು ಗಂಟೆ ಎಣಿಸುತ್ತೇನೆ. ಡಿಸೆಂಬರ್ 24ರಿಂದ ಜನವರಿ 1ರವರೆಗೆ 9 ದಿನ. ಊರಿಗೆ ಹೋಗಿಬರುವುದಕ್ಕೆ 2 ದಿನ, ನೆಂಟರಿಗೆ 1 ದಿನ ಬಿಟ್ಟರೆ ಕೈಯಲ್ಲಿ ಉಳಿಯುವುದು 6. ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಹಿಡಿದರೆ ಲೆಕ್ಕ ನಿಲ್ಲುವುದಿಲ್ಲ. ಒಟ್ಟು 15 ಗಂಟೆ ಆಯಿತು. ಈ ರಜೆಗೆ ಒಂದು ಅನುಕೂಲವೂ ಇದೆ: ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಶುರುವಾಗುವುದರಿಂದ ಮದುವೆ, ಗೃಹಪ್ರವೇಶದ ಕರೆಗಳು ಬಹುಪಾಲು ನಿಂತಿರುತ್ತವೆ. ಬೇಸಿಗೆ ರಜೆಯಲ್ಲಿ ಈ ಬಿಡುವು ಸಿಗದು.

ಇನ್ನು ಓದುವ ವೇಗ. ಮೊದಲು ಓದಿರದ ಒಂದು ಕನ್ನಡ ಪುಸ್ತಕ ತೆಗೆದುಕೊಂಡು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, 20 ನಿಮಿಷ ಓದಿ. ಮುಗಿದ ಪುಟಗಳನ್ನು ಮೂರರಿಂದ ಗುಣಿಸಿದರೆ ಗಂಟೆಯ ಲೆಕ್ಕ ಬರುತ್ತದೆ. ಪುಸ್ತಕದ ಮೊದಲ ಐದು ಪುಟ ಮಾತ್ರ ಅಳತೆಗೆ ಬೇಡ, ಅಲ್ಲಿ ಎಲ್ಲರೂ ನಿಧಾನ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಓದುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಕನ್ನಡದಲ್ಲಿ ಮಾತಾಡುವ ಸಲೀಸು ಓದುವುದರಲ್ಲೂ ಇದೆ ಅಂದುಕೊಂಡಿರುತ್ತೇವೆ, ಕಣ್ಣಿಗೆ ಆ ಅಭ್ಯಾಸ ತಪ್ಪಿಹೋಗಿರುತ್ತದೆ. ಡೆಮಿ ಅಳತೆಯ, ಅಂದರೆ ಸಾಮಾನ್ಯ ಕನ್ನಡ ಕಾದಂಬರಿಯ ಅಳತೆಯ ಪುಟದಲ್ಲಿ, ನೇರವಾದ ಗದ್ಯವಾದರೆ, ನನ್ನ ವೇಗ ಗಂಟೆಗೆ 25 ಪುಟ. 15 ಗಂಟೆಗೆ 375 ಪುಟ. ರಜೆಯ ಬಂಡವಾಳ ಇಷ್ಟೇ. ಸಾವಿರ ಪುಟ ಪೇರಿಸಿಟ್ಟುಕೊಂಡರೆ ಮೂರನೇ ದಿನದಿಂದಲೇ ಓದು ಸಾಲ ತೀರಿಸಿದ ಹಾಗಾಗುತ್ತದೆ.

ಈ 375 ಪುಟವನ್ನು ನಾನು ಹಂಚುವ ರೀತಿ ಹೀಗೆ: ಸುಮಾರು 200 ಪುಟದ ಒಂದು ಮುಖ್ಯ ಪುಸ್ತಕ, ನೂರರ ಆಸುಪಾಸಿನ ಒಂದು ತೆಳು ಪುಸ್ತಕ, ಉಳಿದದ್ದಕ್ಕೆ ಕಥೆ ಅಥವಾ ಪದ್ಯ. ಲೆಕ್ಕಕ್ಕೆ ಹಿಡಿಯದ ಪ್ರಯಾಣದ ದಿನಕ್ಕೂ ಒಂದೆರಡು ಕಥೆ ಇಡುತ್ತೇನೆ, ಬಸ್ಸಿನಲ್ಲಿ ಕಾದಂಬರಿ ಮುಂದೆ ಹೋಗುವುದಿಲ್ಲ. ಒಮ್ಮೆ ಕೂತಾಗ ಎರಡು ಕಥೆಗಿಂತ ಹೆಚ್ಚು ಓದಬಾರದು. ಮೂರನೆಯದು ಮೊದಲನೆಯದನ್ನು ಅಳಿಸಿಬಿಡುತ್ತದೆ. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪಡೆದ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ದೀಪಾ ಭಾಸ್ತಿ ಅನುವಾದಿಸಿದ 12 ಕಥೆಗಳ ಸಂಕಲನ. ಕನ್ನಡ ಬಲ್ಲವರೂ ಅದನ್ನು ಇಂಗ್ಲಿಷಿನಲ್ಲೇ ಕೊಳ್ಳುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಮೂಲ ನಮ್ಮ ಭಾಷೆಯಲ್ಲೇ ಇದೆ, ಅಂಗಡಿಯಲ್ಲಿ ಕೇಳಿ ಕನ್ನಡ ಪ್ರತಿಯನ್ನೇ ತನ್ನಿ.

ಪುಟಸಂಖ್ಯೆ ಮೋಸ ಮಾಡುವುದು ಆಡುಮಾತಿನ ಪುಸ್ತಕಗಳಲ್ಲಿ. ದೇವನೂರ ಮಹಾದೇವರ 'ಕುಸುಮಬಾಲೆ' ಕೈಗೆ ಹಗುರ, ಒಂದು ಸಂಜೆಯಲ್ಲಿ ಮುಗಿಯುತ್ತದೆ ಅನ್ನಿಸುತ್ತದೆ. ನಂಜನಗೂಡು ಸೀಮೆಯ ಮಾತು ಕಿವಿಗೆ ಬೀಳದೆ ಬೆಳೆದವರಿಗೆ ಗಂಟೆಗೆ 12 ಪುಟ ಸಾಗಿದರೆ ಹೆಚ್ಚು. ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಧಾರವಾಡದ ಕಡೆಯವರಿಗೆ ನೀರು ಕುಡಿದಷ್ಟು ಸುಲಭ, ಮೈಸೂರು ಕಡೆಯವರಿಗೆ ಆರಂಭದಲ್ಲಿ ತಡವರಿಕೆ. ಇಂಥ ಪುಸ್ತಕಕ್ಕೆ ಪುಟಗಳನ್ನು ಎರಡರಷ್ಟು ಎಣಿಸಿಕೊಳ್ಳಿ. ಮೊದಲ ಹತ್ತು ಪುಟವನ್ನು ಗಟ್ಟಿಯಾಗಿ ಓದಿ, ಮನೆಯಲ್ಲಿ ಯಾರಾದರೂ ಕೇಳಲು ಕೂತರೆ ಇನ್ನೂ ಒಳ್ಳೆಯದು. ಬರಹದಲ್ಲಿ ಅಪರಿಚಿತವಾಗಿ ಕಂಡ ಪದ ಉಚ್ಚರಿಸಿದ ಕೂಡಲೇ ಗುರುತು ಸಿಗುತ್ತದೆ, ಯಾಕೆಂದರೆ ಅದನ್ನು ಬರೆದಿರುವುದೇ ಬಾಯಿಯ ಲಯದಲ್ಲಿ. ಅರ್ಥವಾಗದ ಪದಕ್ಕೆ ಪ್ರತಿ ಸಲ ನಿಘಂಟು ತೆಗೆದರೆ ಆ ಲಯ ಹರಿದುಹೋಗುತ್ತದೆ. ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು ಮುಂದೆ ಹೋಗಿ. ಮೂವತ್ತು ಪುಟ ದಾಟುವಷ್ಟರಲ್ಲಿ ಚುಕ್ಕೆ ಇಟ್ಟ ಪದಗಳಲ್ಲಿ ಬಹಳಷ್ಟು ತಾವಾಗಿಯೇ ತಿಳಿದಿರುತ್ತವೆ.

ದಪ್ಪ ಕಾದಂಬರಿಯ ಆಸೆ ಎಲ್ಲರಿಗೂ ಇರುತ್ತದೆ. 'ಮಲೆಗಳಲ್ಲಿ ಮದುಮಗಳು', 'ಪರ್ವ' ಈ 15 ಗಂಟೆಯೊಳಗೆ ಕೂರುವ ಪುಸ್ತಕಗಳಲ್ಲ. ಅವುಗಳನ್ನು ಓದಲೇಬೇಕು ಅಂತಿದ್ದರೆ ಡಿಸೆಂಬರ್ 10ರ ಹೊತ್ತಿಗೆ ಶುರು ಮಾಡಿ, ಬೇರೆ ಯಾವ ಪುಸ್ತಕವನ್ನೂ ಪಕ್ಕದಲ್ಲಿ ಇಡಬೇಡಿ. ಕುವೆಂಪು ಅವರ ಕಾದಂಬರಿಯಲ್ಲಿ ಹೆಸರುಗಳು, ಮನೆಗಳು, ಊರುಗಳು ಒಂದರ ಹಿಂದೊಂದು ಬರುತ್ತವೆ. ದಿನಕ್ಕೆ ಹತ್ತು ಪುಟದಂತೆ ಶುರು ಮಾಡಿದವರು ಯಾರು ಯಾರ ಮನೆಯವರು ಅನ್ನುವುದು ಮರೆತು, ನೂರನೇ ಪುಟದೊಳಗೆ ಕೈಬಿಡುತ್ತಾರೆ. ಅದಕ್ಕೆ ಮೊದಲ ನೂರು ಪುಟವನ್ನು ಒಂದು ಶನಿವಾರ, ಭಾನುವಾರಕ್ಕೆ ಮೀಸಲಿಟ್ಟು ಮುಗಿಸಿಬಿಡಬೇಕು. ಪೋಸ್ಟ್‌ಕಾರ್ಡ್ ಅಳತೆಯ ರಟ್ಟಿನ ಮೇಲೆ ಎಡಕ್ಕೆ ಹೆಸರು, ನಡುವೆ ಮನೆ, ಬಲಕ್ಕೆ ಸಂಬಂಧ ಬರೆದು ಅದನ್ನೇ ಗುರುತಿನ ಚೀಟಿಯಾಗಿ ಇಟ್ಟುಕೊಂಡರೆ ಹಿಂದಿನ ಪುಟ ತಿರುವುವ ಕೆಲಸ ತಪ್ಪುತ್ತದೆ. ರಜೆಯೆಲ್ಲ ಒಂದೇ ದೊಡ್ಡ ಪುಸ್ತಕದಲ್ಲಿ ಕಳೆಯುವ ಮನಸ್ಸಿದ್ದರೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ನನ್ನ ಸಲಹೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ, ಮಾಸ್ತಿಯವರ ಗದ್ಯ ಎಲ್ಲೂ ಎಡವಿಸುವುದಿಲ್ಲ. ಬಹಳ ವರ್ಷ ಬಿಟ್ಟು ಮತ್ತೆ ಕನ್ನಡ ಓದಲು ಹೊರಟವರಿಗೆ ಮಾತ್ರ ಇದೂ ಬೇಡ, ತೇಜಸ್ವಿಯವರ 'ಕರ್ವಾಲೋ'ದಿಂದ ಶುರು ಮಾಡಿ. ಒಂದು ಪುಸ್ತಕ ಪೂರ್ತಿ ಮುಗಿಸಿದ ಖುಷಿ ಮುಂದಿನದಕ್ಕೆ ಎಳೆದುಕೊಂಡು ಹೋಗುತ್ತದೆ.

ಅಂಗಡಿಯಲ್ಲಿ ಕೊಳ್ಳುವ ಮುನ್ನ ಪ್ರತಿಯನ್ನೇ ಪರೀಕ್ಷಿಸಬೇಕು. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚಿದ ಪುಟಗಳ ಕಟ್ಟು, ಸಾಮಾನ್ಯವಾಗಿ 16 ಪುಟಕ್ಕೆ ಒಂದು. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋದರೆ 160ನೇ ಪುಟದ ಎದುರಿಗೆ 177 ಇರುತ್ತದೆ. ಕೆಲವೊಮ್ಮೆ ಅದೇ ಫಾರಂ ಎರಡು ಸಲ ಸೇರಿರುತ್ತದೆ, ಇಲ್ಲವೇ ತಲೆಕೆಳಗಾಗಿರುತ್ತದೆ. ಹಾಗಾಗಿ 16, 32, 48, 64 ಹೀಗೆ 16ರ ಮಗ್ಗಿಯ ಪುಟಗಳ ಬಳಿ ಮಾತ್ರ ತಿರುವಿ ನೋಡಿದರೆ ಸಾಕು, 300 ಪುಟದ ಪುಸ್ತಕಕ್ಕೆ ಎರಡು ನಿಮಿಷದ ಕೆಲಸ. ರಜೆಯ ನಡುವೆ ಕಥೆ ಕಡಿದುಹೋದರೆ ಬದಲಿ ಪ್ರತಿ ಸಿಗುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ.

ಮರುಮುದ್ರಣವಾದರೆ ಒತ್ತಕ್ಷರಗಳನ್ನು ನೋಡಿ. ಹಳೆಯ ಪ್ರತಿಯ ಪುಟವನ್ನೇ ಫೋಟೊ ತೆಗೆದು ಅಚ್ಚು ಹಾಕಿದ ಪುಸ್ತಕಗಳಲ್ಲಿ ಮೊದಲು ಅಳಿಸಿಹೋಗುವುದು ಅವೇ. 'ಸ್ತ್ರೀ', 'ಸಾಮರ್ಥ್ಯ', 'ತೀಕ್ಷ್ಣ' ಇಂಥ ಪದ ಹುಡುಕಿ, ಕೆಳಗಿನ ಅಕ್ಷರದ ಸುಳಿ ಬಿಡಿಬಿಡಿಯಾಗಿ ಕಾಣುತ್ತದೆಯೋ ಮಸಿಯ ಮುದ್ದೆಯಾಗಿದೆಯೋ ನೋಡಿ. ಮುದ್ದೆಯಾಗಿದ್ದರೆ ಸಂಜೆ ದೀಪದ ಬೆಳಕಿನಲ್ಲಿ ಅರ್ಧ ಗಂಟೆಗೇ ಕಣ್ಣು ಸೋಲುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೂ ಅಷ್ಟೇ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬೈಂಡಿಂಗು ಬರೀ ಗೋಂದಿನದೋ ಹೊಲಿಗೆಯದೋ ಅನ್ನುವುದನ್ನು ಪುಟಗಳ ನಡುವಿನ ದಾರ ನೋಡಿ ತಿಳಿಯಬಹುದು. ಗೋಂದಿನ ದಪ್ಪ ಪುಸ್ತಕವನ್ನು ಹಾಸಿಗೆಯಲ್ಲಿ ಮಲಗಿ ಪೂರ್ತಿ ಬಿಚ್ಚಿ ಓದಿದರೆ ಬೆನ್ನು ಬಿರುಕು ಬಿಟ್ಟು ಹಾಳೆ ಕಳಚುತ್ತದೆ. ಅಂಥದ್ದನ್ನು ಮೇಜಿನ ಮೇಲಿಟ್ಟೇ ಓದಬೇಕು, ಕಂಬಳಿಯೊಳಗೆ ತೆಳು ಪುಸ್ತಕವೇ ಸರಿ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ವಯಸ್ಸು ನೋಡಿ ಕನ್ನಡ ಪುಸ್ತಕ ತಂದರೆ ಮೂಲೆ ಸೇರುತ್ತದೆ. ಒಂದು ಪುಟ ಗಟ್ಟಿಯಾಗಿ ಓದಿಸಿ. ಐದಕ್ಕಿಂತ ಹೆಚ್ಚು ಪದಗಳಲ್ಲಿ ತಡೆದು ನಿಂತರೆ ಆ ಪುಸ್ತಕವನ್ನು ನೀವು ಓದಿ ಹೇಳುವುದಕ್ಕೆ ಇಟ್ಟುಕೊಳ್ಳಿ, ಮಗುವಿನ ಕೈಗೆ ಇನ್ನೂ ಸುಲಭದ್ದು ಕೊಡಿ. ಪ್ರಥಮ್ ಬುಕ್ಸ್‌ನವರ ಪುಸ್ತಕಗಳ ಮೇಲೆ 1ರಿಂದ 4ರವರೆಗೆ ಓದಿನ ಹಂತ ಅಚ್ಚಾಗಿರುತ್ತದೆ, ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತ. ಓದಿ ಹೇಳುವುದಕ್ಕೆ ಕುವೆಂಪು ಅವರ 'ಕಿಂದರಿಜೋಗಿ'ಯನ್ನು ಮೀರಿಸುವುದು ಕಷ್ಟ. ಇಲಿಗಳು ಸಾಲುಗಟ್ಟಿ ಬರುವ ಭಾಗವನ್ನು ಎರಡನೇ ದಿನಕ್ಕೆ ಮಕ್ಕಳೇ ಹೇಳುತ್ತಾರೆ.

ಕೊಳ್ಳುವುದಕ್ಕೆ ಸರಿಯಾದ ಕಾಲ ನವೆಂಬರ್. ರಾಜ್ಯೋತ್ಸವದ ತಿಂಗಳೆಂದು ಅಂಗಡಿಗಳು ಕನ್ನಡ ಪುಸ್ತಕಕ್ಕೆ ರಿಯಾಯಿತಿ ಕೊಡುತ್ತವೆ. ಕನ್ನಡದಲ್ಲಿ ಒಂದು ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ, ಡಿಸೆಂಬರ್ 20ಕ್ಕೆ ಹುಡುಕಿದರೆ "ಪ್ರತಿ ಮುಗಿದಿದೆ" ಅನ್ನುವ ಉತ್ತರವೇ ಸಿಗಬಹುದು. ಹೊರದೇಶದಲ್ಲಿರುವವರು ಊರಿಂದ ಬರುವವರ ಪೆಟ್ಟಿಗೆಯನ್ನು ನಂಬಿಕೊಂಡಿದ್ದರೆ ಮೂರಕ್ಕಿಂತ ಹೆಚ್ಚು ಪುಸ್ತಕ ಹೇಳಬೇಡಿ, ಚಟ್ನಿಪುಡಿ, ಹುರಿಹಿಟ್ಟಿನ ಮುಂದೆ ಮೊದಲು ಹೊರಬೀಳುವುದು ಪುಸ್ತಕವೇ. ಅಲ್ಲಿಯವರೆಗೆ ಹಕ್ಕುಸ್ವಾಮ್ಯ ಮುಗಿದವರನ್ನು ಓದಬಹುದು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷದಾಚೆ 60 ವರ್ಷ ದಾಟಿದರೆ ಕೃತಿ ಎಲ್ಲರದ್ದು. ಬಿ.ಎಂ.ಶ್ರೀ, ಕೈಲಾಸಂ (ಇಬ್ಬರೂ 1946), ಗೋವಿಂದ ಪೈ (1963) ಆ ಸಾಲಿಗೆ ಸೇರುತ್ತಾರೆ. ಕೈಲಾಸಂ ನಾಟಕವನ್ನು ನಾಲ್ಕು ಜನ ಪಾತ್ರ ಹಂಚಿಕೊಂಡು ಊಟದ ನಂತರ ಓದಿ; ಪುಟದ ಲೆಕ್ಕಕ್ಕೆ ಅದನ್ನು ಸೇರಿಸುವುದು ಬೇಡ.